ಕುರಿದಡ್ಡಿಯ ನಾಲ್ಕನೆಯ ಮೂಲೆ

ಯರಗುಪ್ಪಿಯ ಅಮೋಘಸಿದ್ದಪ್ಪನಿಗೆ ಈ ಲೋಕದಲ್ಲಿ ಇದ್ದದ್ದು ಒಂದೇ ಬಿರುದು. ಅದನ್ನೂ ಯಾರೂ ಕೊಟ್ಟದ್ದಲ್ಲ, ತಾನೇ ಇಟ್ಟುಕೊಂಡದ್ದು. ಮೂವತ್ತೊಂದು ವರ್ಷಗಳಲ್ಲಿ ಅವನು ದಿಕ್ಕು ಕಟ್ಟಿದ ದಡ್ಡಿಯಿಂದ ಒಂದು ಕುರಿಯೂ ಹೋಗಿರಲಿಲ್ಲ. ತೋಳ ಒಯ್ದಿರಲಿಲ್ಲ, ಕಳ್ಳ ಒಯ್ದಿರಲಿಲ್ಲ, ದೆವ್ವ ಒಯ್ದಿರಲಿಲ್ಲ. ಬೇನೆ ಬಂದು ಸತ್ತವುಗಳನ್ನು ಅವನು ಇದರಲ್ಲಿ ಸೇರಿಸುತ್ತಿರಲಿಲ್ಲ. ಸಾಯುವುದು ಬೇರೆ, ಹೋಗುವುದು ಬೇರೆ. ಕಲ್ಲಿನ ಕೋಟೆ ಕಟ್ಟಿದ ಅರಸರಿಗೂ ಇಂಥ ಹೆಮ್ಮೆ ದಕ್ಕಿಲ್ಲ, ಅವರ ಕೋಟೆಗಳೆಲ್ಲ ಒಂದಲ್ಲ ಒಂದು ದಿನ ಬಿದ್ದಿವೆ. ಅಮೋಘಸಿದ್ದಪ್ಪನ ಕೋಟೆ ನೈಲಾನ್ ಬಲೆಯದು. ದಿನಾ ಸಂಜೆ ಏಳುತ್ತಿತ್ತು, ದಿನಾ ಬೆಳಿಗ್ಗೆ ಅವನೇ ಬಿಚ್ಚಿ ಮಡಚಿ ಹೆಗಲಿಗೆ ಹಾಕಿಕೊಳ್ಳುತ್ತಿದ್ದ.

ಸುಗ್ಗಿ ಮುಗಿದ ಹೊಲದಲ್ಲಿ ಕುರಿ ತರುಬಿಸಿದರೆ, ಅಂದರೆ ಒಂದೆರಡು ರಾತ್ರಿ ಮಲಗಿಸಿದರೆ, ಮುಂದಿನ ಪೈರಿಗೆ ಬೇರೆ ಗೊಬ್ಬರ ಬೇಡ. ಹೀಗಾಗಿ ಹೋಳಿ ಹುಣ್ಣಿಮೆ ಮುಗಿದರೆ ಸಾಕು, ಕಲಘಟಗಿ ಕಡೆಯ ಭತ್ತದ ಗದ್ದೆಗಳವರು ಅವನಿಗೆ ಫೋನು ಮಾಡುತ್ತಿದ್ದರು. ಹೋದಲ್ಲಿ ಅವನ ಕ್ರಮ ಒಂದೇ. ಬಲೆ ಕಟ್ಟುವುದು, ಕುರಿ ಒಳಗೆ ಹಾಕುವುದು, ಆಮೇಲೆ ಸೊಂಟದ ಚೀಲದಿಂದ ಬೀರಪ್ಪನ ಭಂಡಾರ ತೆಗೆದು ನಾಲ್ಕೂ ಮೂಲೆಗೆ ಒಂದೊಂದು ಚಿಟಿಕೆ ಅರಿಸಿನ ಹಾಕಿ ದಿಕ್ಕು ಕಟ್ಟುವುದು. ಉಳಿಯುವುದು ಮೂಡಣದ ಬಾಗಿಲು. ಅಲ್ಲಿ ಕಂಬಳಿ ಹಾಸಿ ಅಡ್ಡ ಮಲಗುವವನು ಖುದ್ದು ಅಮೋಘಸಿದ್ದಪ್ಪ. ನಾಲ್ಕು ಮೂಲೆ ದೇವರ ಪಾಲು, ಬಾಗಿಲು ಮಾತ್ರ ತನ್ನ ಪಾಲು ಎಂದು ಅವನು ದೇವರೊಂದಿಗೆ ಎಂದೋ ಹಂಚಿಕೆ ಮಾಡಿಕೊಂಡಿದ್ದ.

ಕುರಿ ಎಷ್ಟಿವೆ ಎಂದು ಕೇಳಿದರೆ ಮಾತ್ರ ಹೇಳುತ್ತಿರಲಿಲ್ಲ. "ಅದಾವ್ರಿ ಒಂದೀಟು" ಎನ್ನುತ್ತಿದ್ದ. ಕುರಿಯನ್ನು ಬಾಯಿಬಿಟ್ಟು ಎಣಿಸಿದರೆ ಅದು ಯಾರ ಕಿವಿಗೆ ಬೀಳುತ್ತದೋ ಬಲ್ಲವರಾರು? ಹಾಗಾಗಿ ನಾವೂ ಇಲ್ಲಿ ಸಂಖ್ಯೆ ಹೇಳುವುದಿಲ್ಲ. ಒಂದರ ಹೆಸರು ಮಾತ್ರ ಹೇಳಬಹುದು: ಸರದಾರ. ಕಾಡಿಗೆಯಂಥ ಕರಿ ಟಗರು, ಎರಡು ಸುತ್ತಿನ ಕೊಂಬು, ಹಳದಿ ಕಣ್ಣು. ಮುಂದಿನ ವರ್ಷ ಬೀರಪ್ಪನ ಗುಡಿಗೆ ಬಿಡುವುದಾಗಿ ಹರಕೆ ಹೊತ್ತು ಬೆಳೆಸಿದ ಜೀವ. ಆ ವಿಷಯ ಅದಕ್ಕೂ ಗೊತ್ತಿದ್ದಂತೆ ಯಾರ ಮಾತನ್ನೂ ಕೇಳುತ್ತಿರಲಿಲ್ಲ.

ಈ ಸಲ ಕರೆದವರು ದೇವಿಕೊಪ್ಪದ ದಾನಿಯೇಲಪ್ಪ ಮಾಸ್ತರರು. ಪ್ರಾಥಮಿಕ ಶಾಲೆಯಿಂದ ನಿವೃತ್ತರಾದವರು, ಊರಿನ ಸಣ್ಣ ಚರ್ಚಿನ ಹಿರಿಯರು. ಅವರ ಗದ್ದೆ ಚರ್ಚಿನ ಗೋಡೆಗೇ ಹತ್ತಿತ್ತು. ಅಮೋಘಸಿದ್ದಪ್ಪ, ಅವನ ಹೆಂಡತಿ ಮೈಲಾರವ್ವ, ಎರಡು ನಾಯಿ ಮತ್ತು ಒಂದೀಟು ಕುರಿ ಅಲ್ಲಿಗೆ ಮುಟ್ಟಿದಾಗ ಭಾನುವಾರ ಹತ್ತೂವರೆ. ಹುಬ್ಬಳ್ಳಿಯಿಂದ ಬರಬೇಕಾದ ಪಾಸ್ಟರರು ಬಂದಿರಲಿಲ್ಲ. ಮಾಸ್ತರರೇ ಒಳಗೆ ಬೋಧನೆ ಮಾಡುತ್ತಿದ್ದರು. ಚರ್ಚಿನ ಮೇಲಿದ್ದ ಮೈಕಿನಿಂದ ಅದು ಗದ್ದೆಗೂ ಕೇಳಿಸುತ್ತಿತ್ತು.

ಮಾಸ್ತರರು ಹೇಳಿದ್ದಿಷ್ಟು: ಎಚ್ಚರದಿಂದಿರಿ, ಸೈತಾನನು ಹಸಿದ ಸಿಂಹದ ಹಾಗೆ ಯಾರು ಸಿಕ್ಕಾರೆಂದು ಸುತ್ತಲೂ ತಿರುಗುತ್ತಿದ್ದಾನೆ.

ಒಳಗಿದ್ದ ಇಪ್ಪತ್ತೆರಡು ಮಂದಿಯಲ್ಲಿ ಒಬ್ಬರು ಆಕಳಿಸಿದರು, ಒಬ್ಬರು ಫೋನಿನ ಗಂಟಲು ಹಿಸುಕಿದರು. ಹೊರಗೆ ಬೇವಿನ ಗಿಡದ ಕೆಳಗೆ ಒಬ್ಬ ಮನುಷ್ಯ ಬಡಿಗೆ ಹಿಡಿದು ಎದ್ದು ನಿಂತ. ಆ ಮಾತನ್ನು ಅಂದು ಹೇಳಿದ ಹಾಗೆಯೇ ನಂಬಿದವನು ಅವನೊಬ್ಬನೇ. ಅವನು ಆ ಸಭೆಯವನಲ್ಲ.

ಪ್ರಾರ್ಥನೆ ಮುಗಿದು ಮಾಸ್ತರರು ಹೊರಬಂದದ್ದೇ ತಡ, ಅಮೋಘಸಿದ್ದಪ್ಪ ಅಡ್ಡ ಹಾಕಿದ.

"ಮಾಸ್ತರ್ರ, ಆ ಸಿಂಹ ಯಾವ ಕಡಿಂದ ಬರತೈತ್ರಿ?"

"ಯಾವ ಸಿಂಹ?"

"ಈಗ ಮೈಕಿನ್ಯಾಗ ಹೇಳಿದ್ರಲ್ರಿ. ಹಸದೈತಿ, ತಿರಗಾಕತ್ತೈತಿ ಅಂತ. ಮೊದಲ ಹೇಳಬೇಕಿಲ್ಲೇನ್ರಿ? ಫೋನಿನ್ಯಾಗ ಬರೇ ಗೊಬ್ಬರದ ಮಾತ ಆಡಿದ್ರಿ."

ಮಾಸ್ತರರು ಹೊಟ್ಟೆ ಹಿಡಿದು ನಕ್ಕರು. "ಅದು ಖರೇ ಸಿಂಹ ಅಲ್ಲೋ ಮಾರಾಯಾ. ಸೈತಾನ."

"ಸಿಂಹ ಆಗಿದ್ರ ಚೊಲೋ ಇತ್ತ್ರಿ. ನಾಯಿ ಅದಾವ, ಬಡಿಗಿ ಐತಿ. ಸೈತಾನ ಅಂದ್ರ ತ್ರಾಸ ಜಾಸ್ತಿ ಆತಲ್ರಿ."

ಅಮೋಘಸಿದ್ದಪ್ಪನ ಚಿಂತೆ ಸರಳವಾಗಿತ್ತು, ಮತ್ತು ಒಬ್ಬ ಸೇನಾಪತಿಗೆ ತಕ್ಕದ್ದಾಗಿತ್ತು. ನಮ್ಮ ಕಡೆಯ ದೆವ್ವಗಳು ಅವನಿಗೆ ಗೊತ್ತು. ಅವುಗಳಿಗೆ ಒಂದು ಹಳ್ಳ, ಒಂದು ಹುಣಸೆಮರ, ಒಂದು ಊರಿನ ಸೀಮೆ ಎಂದು ಇರುತ್ತದೆ. ಭಂಡಾರದ ಗೆರೆ ಕಂಡರೆ ಅವು ನಿಲ್ಲುತ್ತವೆ. ಈ ಸೈತಾನನ ಸೀಮೆ ಎಲ್ಲಿಂದ ಎಲ್ಲಿಗೆ? ಅವನು ಬೀರಪ್ಪನನ್ನು ಬಲ್ಲನೋ ಇಲ್ಲವೋ?

"ನಿಮ್ಮ ಸೈತಾನಗ ನಮ್ಮ ಭಂಡಾರ ನಡೀತೈತೇನ್ರಿ?" ಎಂದು ಕೇಳಿಯೇ ಬಿಟ್ಟ.

ಮಾಸ್ತರರು ಇಕ್ಕಟ್ಟಿಗೆ ಬಿದ್ದರು. ನಡೆಯುತ್ತದೆ ಎಂದರೆ ತಮ್ಮ ವಿಶ್ವಾಸಕ್ಕೆ ಕುಂದು. ನಡೆಯುವುದಿಲ್ಲ ಎಂದರೆ ಗೊಬ್ಬರ ಎದ್ದು ಪಕ್ಕದ ಊರಿಗೆ ಹೋಗುತ್ತದೆ. ಇಂಥ ಹೊತ್ತಿನಲ್ಲಿ ಮಾಸ್ತರರಾದವರು ಮಾಡುವುದನ್ನೇ ಅವರೂ ಮಾಡಿದರು. ಕಟ್ಟೆಯ ಮೇಲೆ ಕೂತು ಪಾಠ ಶುರುಮಾಡಿದರು.

"ನೋಡು ಅಮೋಘಸಿದ್ದಪ್ಪಾ, ಅಂವಗ ನೀ ಅಗದಿ ಹೆದರಬ್ಯಾಡ. ಅವನ ಶಕ್ತಿಗೆ ಮಿತಿ ಐತಿ. ಅಂವ ದೇವರ ಸರಿಜೋಡಿ ಅಲ್ಲ, ದೇವರ ಹುಟ್ಟಿಸಿದಾಂವನ. ಕೆಟ್ಟು ಕೆಳಗ ಬಿದ್ದಾನ, ಅಷ್ಟ. ಒಮ್ಮೆಲೆ ಎಲ್ಲಾ ಕಡೆ ಇರಾಕ ಅಂವಗ ಬರೂದಿಲ್ಲ."

"ಅಂದ್ರ ಇವತ್ತ ಕಲಘಟಗ್ಯಾಗ ಇದ್ರ ದೇವಿಕೊಪ್ಪದಾಗ ಇಲ್ಲ?"

"ಇಲ್ಲ."

"ಇವತ್ತ ಎಲ್ಲಿ ಅದಾನಂತ್ರಿ?"

"ಅದನ್ನ ಹೆಂಗ ಹೇಳಾಕ ಬರತೈತಿ? ಎಲ್ಲೇ ಇರ್ಲಿ, ದೇವರ ಅಪ್ಪಣಿ ಇಲ್ಲದ ಅಂವ ಒಂದು ಹುಲ್ಲಿನ ಕಡ್ಡೀನೂ ಮುರಿಯಂಗಿಲ್ಲ. ಕೊಳ್ಳಾಗ ಹಗ್ಗ ಐತಿ, ಹಗ್ಗದ ತುದಿ ದೇವರ ಕೈಯಾಗ."

ಹಗ್ಗ ಎಂದ ಕೂಡಲೇ ಅಮೋಘಸಿದ್ದಪ್ಪನ ಮುಖ ಬೆಳಗಿತು. "ಅಂದ್ರ ನಾಯಿ ಇದ್ದಂಗ!"

"ಹಂಗನ ತಿಳಿ."

ಅವನು ತನ್ನ ಎರಡು ನಾಯಿಗಳನ್ನು ನೋಡಿದ. ಅವುಗಳಿಗೆ ಹಾಕುವ ರೊಟ್ಟಿ ನೆನೆದ. ಬೆಳಗಿದ ಮುಖ ಮತ್ತೆ ಕಪ್ಪಾಯಿತು. "ಹಂಗಾರ ಅಂಥಾ ನಾಯಿ ಯಾಕ ಸಾಕ್ಯಾರ್ರಿ ದೇವರು?"

ಇಪ್ಪತ್ತೆರಡು ಮಂದಿಯ ಸಭೆಗೆ ಹದಿನಾಲ್ಕು ವರ್ಷ ಬೋಧಿಸಿದ ದಾನಿಯೇಲಪ್ಪ ಮಾಸ್ತರರಿಗೆ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಅವರು ಕೆಮ್ಮಿದರು, ನೀರು ತರಿಸಿ ಕುಡಿದರು, ಕೊನೆಗೆ ಒಂದು ಕತೆಯ ಮೊರೆ ಹೋದರು. ಬಲು ಹಿಂದೆ ಮೂಡಣ ದೇಶದಲ್ಲಿ ಒಬ್ಬ ಒಳ್ಳೆಯ ಸಾಹುಕಾರನಿದ್ದ, ದೇವರಿಗೆ ಅಂಜಿ ನಡೆಯುವವನು. ಅವನಿಗೆ ಏಳು ಸಾವಿರ ಕುರಿ.

"ಏಳ ಸಾವಿರ!" ಅಮೋಘಸಿದ್ದಪ್ಪ ಕೂತಲ್ಲೇ ಕೈ ಮುಗಿದ. "ನಾಯಿ ಎಷ್ಟಿದ್ವಂತ್ರಿ?"

"ನಾಯಿ ಇದ್ವು ಅಂತ ಐತಿ. ಎಷ್ಟು ಅಂತ ಇಲ್ಲ."

"ಕುರಿ ಮಾತ್ರ ಎಣಿಸಿ ಹೇಳ್ಯಾರ?"

"ಹೌದು, ಏಳು ಸಾವಿರ ಅಂತ ಬರದೈತಿ."

ಅಮೋಘಸಿದ್ದಪ್ಪ ಹೆಂಡತಿಯ ಕಡೆ ತಿರುಗಿ ತಲೆಯಾಡಿಸಿದ. "ಆತು. ಮುಂದಿಂದು ಕೇಳೂದ ಬ್ಯಾಡ. ಎಣಿಸ್ಯಾರ, ಹೋಗ್ಯಾವ."

ಹಾಗೇ ಆಗಿತ್ತು ಎಂಬುದು ಮಾಸ್ತರರಿಗೂ ಸೋಜಿಗವೆನಿಸಿತು. ಅವರು ಮುಂದುವರಿಸಿದರು. ಸೈತಾನ ದೇವರ ಹತ್ತಿರ ಹೋಗಿ ಹೇಳಿದನಂತೆ: ಆ ಮನುಷ್ಯನ ಸುತ್ತ, ಅವನ ಮನೆಯ ಸುತ್ತ, ದನಕರುಗಳ ಸುತ್ತ ನೀನೇ ಬೇಲಿ ಹಾಕಿದ್ದೀ, ನನಗೆ ಒಳಗೆ ಕಾಲಿಡಲು ಆಗದು, ಬೇಲಿ ತೆಗೆದು ನೋಡು, ಅವನು ನಿನಗೇ ಬೆನ್ನು ತಿರುಗಿಸುತ್ತಾನೆ. ಆಗ ದೇವರು, ಹೋಗು, ಅವನ ಸೊತ್ತೆಲ್ಲ ನಿನ್ನ ಕೈಯಲ್ಲಿದೆ, ಅವನ ಮೈ ಮಾತ್ರ ಮುಟ್ಟಬೇಡ ಎಂದನಂತೆ.

"ನೋಡಿದ್ಯಾ ಮಿತಿ?" ಎಂದರು ಮಾಸ್ತರರು ಗೆದ್ದವರಂತೆ. "ಇಷ್ಟ ದೂರ, ಮುಂದಿಲ್ಲ ಅಂತ ಗೆರಿ."

"ಕುರಿ?"

"ಆಕಾಶದಿಂದ ಬೆಂಕಿ ಬಿದ್ದು..." ಮಾಸ್ತರರ ದನಿ ಸ್ವಲ್ಪ ಇಳಿಯಿತು, "ಕುರಿ, ಕುರುಬರು ಎಲ್ಲಾ ಸುಟ್ಟು ಹೋದ್ರು. ಒಬ್ಬಾಂವ ತಪ್ಪಿಸಿಕೊಂಡು ಸುದ್ದಿ ಹೇಳಾಕ ಓಡಿ ಬಂದ."

ಸಾಹುಕಾರನಿಗೆ ಆಮೇಲೆ ಏನಾಯಿತು ಎಂದು ಅಮೋಘಸಿದ್ದಪ್ಪ ಕೇಳುತ್ತಾನೆಂದು ಮಾಸ್ತರರು ಕಾದರು. ಅವನು ಕೇಳಿದ್ದು ಬೇರೆ.

"ಆ ಒಬ್ಬಾಂವನ ಹೆಸರೇನ್ರಿ?"

"ಯಾರು?"

"ಓಡಿ ಬಂದಾಂವ. ನಮ್ಮಾಂವ."

"ಹೆಸರು... ಹೆಸರ ಬರದಿಲ್ಲಪಾ. ಆದ್ರ ಕೇಳಿಲ್ಲೆ, ಆ ಸಾಹುಕಾರಗ ದೇವರು ಕಡೀಕ ಎಲ್ಲಾ ಇಮ್ಮಡಿ ಕೊಟ್ಟ. ಹದಿನಾಕ ಸಾವಿರ ಕುರಿ!"

"ಅವು ಬ್ಯಾರೆ ಕುರಿ, ಮಾಸ್ತರ್ರ."

ಅಲ್ಲಿಂದ ಅಮೋಘಸಿದ್ದಪ್ಪನ ತಲೆಯೊಳಗೆ ಉಣ್ಣೆ ಗಂಟುಹಾಕಿಕೊಂಡಿತು. ಬೇಲಿ ಹಾಕಿದವನು ದೇವರು. ಬೇಲಿ ದಾಟಲು ಸೈತಾನನಿಗೆ ಆಗದು. ಇಷ್ಟರ ತನಕ ಲೆಕ್ಕ ಸರಿ, ಬೀರಪ್ಪನದೂ ಅದೇ ಪದ್ಧತಿ. ಆದರೆ ಬೇಲಿ ಹಾಕಿದವನೇ ಬೇಲಿ ತೆಗೆದರೆ ಭಂಡಾರವನ್ನು ಯಾರ ದಾರಿಗೆ ಅಡ್ಡ ಹಾಕುವುದು? ತೋಳ ಬಂದರೆ ನಾಯಿ ಇದೆ, ಸರಿ. ಮಾಲಕನೇ ಬಂದರೆ ತಡೆಯುವವರು ಯಾರು? ಸೈತಾನನಿಗೆ ಬಲವಿಲ್ಲ ಎಂದು ಮಾಸ್ತರರು ಹೇಳಿದಷ್ಟೂ ಅವನ ಹೆದರಿಕೆ ಹೆಚ್ಚುತ್ತಿತ್ತು. ಬಲವಿದ್ದ ಕಳ್ಳನನ್ನು ತಡೆಯಬಹುದು, ಅಪ್ಪಣೆ ಇದ್ದವನನ್ನು ತಡೆಯುವುದು ಹೇಗೆ?

"ಹೋಗೂಣ ನಡೀರಿ," ಎಂದಳು ಮೈಲಾರವ್ವ. "ಬ್ಯಾರೆ ಗದ್ದಿ ಇಲ್ಲೇನು?"

"ಅಂಜಿ ಓಡಿದ್ರ ಬಿರುದು ಉಳೀತೈತೇನಬೇ?"

"ಯಾರ ಕೊಟ್ಟ ಬಿರುದದು? ತಹಸೀಲ್ದಾರ?"

ಸಂಜೆಗೆ ಅವನು ಒಂದು ಉಪಾಯ ಕಂಡುಹಿಡಿದ. ಬಲೆ ಕಟ್ಟಿದ, ಕುರಿ ಹಾಕಿದ. ಮೂರು ಮೂಲೆಗೆ ಭಂಡಾರ ಚೆಲ್ಲಿದ. ನಾಲ್ಕನೆಯದು ಚರ್ಚಿನ ಗೋಡೆಯ ಕಡೆಯ ಮೂಲೆ. ಅಲ್ಲಿಗೆ ಬಂದು ಕೈ ತಡೆದ. ಅದು ಬೇರೆಯವರ ಸೀಮೆ. ಅಲ್ಲಿ ಅವರ ದೇವರನ್ನೇ ನಿಲ್ಲಿಸುವುದು ಮರ್ಯಾದೆ. ಮೈಕಿನ ಪೆಟ್ಟಿಗೆ ಒಳಗಿಟ್ಟು ಚರ್ಚಿನ ಬಾಗಿಲು ಹಾಕುತ್ತಿದ್ದ ಮಾಸ್ತರರನ್ನು ಕೂಗಿ ಕರೆದ.

"ಮಾಸ್ತರ್ರ, ಈ ಮೂಲಿ ನೀವು ಕಟ್ಟಿ ಕೊಡ್ರಿ."

"ನಾವು ಮಾಟಾಮಂತ್ರ ಮಾಡಂಗಿಲ್ಲೋ."

"ಮಂತ್ರ ಯಾರ ಕೇಳ್ಯಾರ್ರಿ? ನಿಮ್ಮ ದೇವರಿಗೆ ಒಂದ ಮಾತ ಹೇಳ್ರಿ ಅಷ್ಟ. ಗದ್ದಿ ನಿಮ್ಮದ."

ಪ್ರಾರ್ಥನೆಗೆ ಇಲ್ಲ ಎನ್ನಲು ಅವರಿಂದ ಆಗಲಿಲ್ಲ. ಮೂಲೆಯಲ್ಲಿ ನಿಂತು ಟೊಪ್ಪಿಗೆ ತೆಗೆದು ಕಣ್ಣು ಮುಚ್ಚಿದರು. ಅಮೋಘಸಿದ್ದಪ್ಪ ರುಮಾಲು ತೆಗೆಯದೆ, ಕಣ್ಣು ಮುಚ್ಚದೆ, ಒಂದೊಂದು ಮಾತನ್ನೂ ಕಿವಿಗೊಟ್ಟು ಕೇಳಿದ. ಒಳ್ಳೆಯ ಮಾತುಗಳೇ. ಕುರಿಗಳನ್ನು ಕಾಯಿ, ಕುರುಬನನ್ನು ಕಾಯಿ, ಕೇಡನ್ನು ದೂರವಿಡು. ಅವನಿಗೆ ಸಮಾಧಾನವಾಗುತ್ತಿತ್ತು. ಅಷ್ಟರಲ್ಲಿ ಮಾಸ್ತರರು ಅರವತ್ತು ವರ್ಷದ ರೂಢಿಯಂತೆ ಮುಗಿಸಿದರು: "ಆದರೂ ತಂದೆಯೇ, ಎಲ್ಲವೂ ನಿನ್ನ ಇಷ್ಟದಂತೆಯೇ ಆಗಲಿ."

"ಏನ್ ಮಾಡಿದ್ರಿ ಮಾಸ್ತರ್ರ!"

ಮಾಸ್ತರರು ಬೆಚ್ಚಿ ಕಣ್ಣು ತೆರೆದರು.

"ಅಪ್ಪಣಿ ಕೊಟ್ಟಬಿಟ್ರಲ್ರಿ! ಕಟ್ಟು ಅಂದ್ರ ಬಾಗಲದ ಅಗಳಿನ ತಗದ್ರಿ! ಅಂವಗ ಇಷ್ಟ ಬಂದ್ರ ಬೇಲಿ ತಗೀತಾನ ಅಂತ ನೀವ ಹೇಳೀರಿ, ಈಗ ನೀವ ನಿನ್ನ ಇಷ್ಟ ಅಂದ್ರಿ. ಹಿಂದಕ್ಕ ತಗೋರಿ ಆ ಮಾತ!"

"ಅದನ್ನ ಹಿಂದಕ್ಕ ತಗೋಳಾಕ ಬರೂದಿಲ್ಲೋ. ಅದ ಪ್ರಾರ್ಥನಾದ ಜೀವ."

"ನಮ್ಮ ಜೀವಾ ಒಳಗ ನಿಂತಾವಲ್ರಿ!"

ಆ ರಾತ್ರಿ ಅಮೋಘಸಿದ್ದಪ್ಪ ಬಾಗಿಲಿಗೆ ಮಲಗಲಿಲ್ಲ. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಕಂಬಳಿಯನ್ನು ನಾಲ್ಕನೆಯ ಮೂಲೆಗೆ ಎಳೆದುಕೊಂಡು, ಮಡಿಲಲ್ಲಿ ಬಡಿಗೆ ಇಟ್ಟು, ಚರ್ಚಿನ ಕಡೆ ಮುಖಮಾಡಿ ಕೂತ. ಮೂಡಣದ ಬಾಗಿಲನ್ನು ಒಂದು ಗೂಟಕ್ಕೆ ಸುಮ್ಮನೆ ಸಿಗಿಸಿದ್ದ. ಮೂರು ಲೋಕದ ಕೇಡನ್ನು ಎದುರಿಸಲು ಕೂತವನು ಕೋಳಿ ಕೂಗುವ ಮುಂಚೆ ಗೊರಕೆ ಹೊಡೆಯುತ್ತಿದ್ದ. ಹಾಗೆಂದು ಮೈಲಾರವ್ವ ಆಮೇಲೆ ಹೇಳಿದಳು, ಬಹಳ ಜನರಿಗೆ ಹೇಳಿದಳು.

ಬೆಳಕು ಹರಿದಾಗ ಅವನನ್ನು ಎಬ್ಬಿಸಿದ್ದು ಅವಳದೇ ದನಿ. "ಏಳ್ರಿ. ಸರದಾರ ಎಲ್ಲಿ?"

ಬಾಗಿಲ ಬಲೆ ನೆಲಕ್ಕೆ ಬಿದ್ದಿತ್ತು. ಉಳಿದವು ಇದ್ದವು. ಸರದಾರ ಇರಲಿಲ್ಲ.

ಅಮೋಘಸಿದ್ದಪ್ಪನಿಗೆ ಮೂವತ್ತೊಂದು ವರ್ಷ ನೆಲದ ಮೇಲೆ ಬಿದ್ದ ಬಲೆಯಂತೆ ಕಂಡವು. ಮಾಸ್ತರರ ಮನೆಯ ಮುಂದೆ ನಿಂತು ಅವನು ಕೂಗಿದ್ದು ದೇವಿಕೊಪ್ಪದ ಅರ್ಧ ಊರಿಗೆ ಕೇಳಿತು: "ಅಪ್ಪಣಿ ಕೊಟ್ರಿ, ಒಯ್ದಾ!"

ಮಾಸ್ತರರು ಬನಿಯನ್ನಿನಲ್ಲೇ ಹೊರಬಂದರು. ಸೈತಾನನ ಮಿತಿಯನ್ನು ಮತ್ತೆ ವಿವರಿಸಬೇಕೆಂದು ಬಾಯಿ ತೆರೆಯುವುದರೊಳಗೆ ಚರ್ಚಿನ ಕಸ ಗುಡಿಸುವ ದುರ್ಗವ್ವ ಕಸಬರಿಗೆ ಎಸೆದು ಓಡಿ ಬಂದಳು.

"ಮಾಸ್ತರ್ರ, ಗುಡಿಯೊಳಗ ಅಂವ ಬಂದಾನ್ರಿ! ಕರ್ರಗ ಅದಾನ, ಕೊಂಬ ಅದಾವ, ನೀವು ನಿಂತು ಹೇಳೂ ಜಾಗಾದಾಗ ನಿಂತಾನ!"

ಹಿಂದಿನ ದಿನವಷ್ಟೇ ಸೈತಾನನಿಗೆ ಅಗದಿ ಹೆದರಬೇಡ ಎಂದಿದ್ದ ಮಹಾನುಭಾವರು ಎರಡು ಹೆಜ್ಜೆ ಹಿಂದೆ ಸರಿದರು. ಅದು ಖರೆ. ಅಮೋಘಸಿದ್ದಪ್ಪ ಕಣ್ಣಾರೆ ನೋಡಿದ. ಆದರೆ ಅವನು ಹಿಂದೆ ಸರಿಯಲಿಲ್ಲ. ಕರ್ರಗೆ, ಕೊಂಬು ಎಂದ ಕೂಡಲೇ ಅವನು ಬಡಿಗೆಯನ್ನೂ ಬಿಟ್ಟು ಓಡಿದ. ಅವನ ಓಟವನ್ನು ಕಂಡವರು ಇಂಥ ಧೈರ್ಯವಂತ ಕಲಘಟಗಿ ತಾಲೂಕಿನಲ್ಲಿ ಇನ್ನೊಬ್ಬನಿಲ್ಲ ಎಂದುಕೊಂಡರು.

ಸರದಾರ ಬೋಧನೆಯ ಪೀಠದ ಮುಂದೆ ನಿಂತು, ಹಿಂದಿನ ದಿನದ ಸೇವಂತಿಗೆ ಮಾಲೆಯ ಕೊನೆಯ ಹೂವನ್ನು ನಿಧಾನಕ್ಕೆ ಅಗಿಯುತ್ತಿತ್ತು. ಅಮೋಘಸಿದ್ದಪ್ಪ ಅದರ ಕೊರಳು ತಬ್ಬಿಕೊಂಡ. ಅತ್ತ ಎಂದೂ ಹೇಳಬಹುದು, ಆದರೆ ಅವನು ಅದನ್ನು ಒಪ್ಪುವುದಿಲ್ಲ.

ಆಮೇಲೆ ಪಂಚಾಯ್ತಿ ಶುರುವಾಯಿತು. ಬೇವಿನ ಗಿಡದ ಕೆಳಗೆ, ಚಹಾ ಕುಡಿಯುತ್ತ.

"ನೋಡಿದ್ಯಾ?" ಎಂದರು ಮಾಸ್ತರರು, ಈಗ ಅಂಗಿ ಹಾಕಿಕೊಂಡಿದ್ದರು. "ಸೈತಾನಗ ಮುಟ್ಟಾಕ ಆಗಲಿಲ್ಲ. ದೇವರು ತನ್ನ ಮನ್ಯಾಗ ಇಟಗೊಂಡು ಕಾಯ್ದ."

"ಹಂಗಾರ ದಡ್ಡಿ ಬಾಗಲಾ ತಗದಾಂವ ಯಾರ್ರಿ?"

"ಸೈತಾನ ಇರಬೇಕು."

"ಅಂವಗ ಅಪ್ಪಣಿ ಕೊಟ್ಟಾಂವ?"

ಮಾಸ್ತರರು ಇನ್ನೊಂದು ಕಪ್ಪು ಚಹಾ ಬಗ್ಗಿಸಿಕೊಂಡರು.

"ಮತ್ತ ಚರ್ಚಿನ ಬಾಗಲಾ ತಗದಾಂವ? ಅದೂ ಅವನ? ದೇವರ ಮನಿ ಬಾಗಲಾ ತಗ್ಯಾಕ ಅಂವಗ ಬರತೈತಿ?"

"ಛೇ, ಅದು ಸಾಧ್ಯ ಇಲ್ಲ."

"ಚರ್ಚಿನ ಬಾಗಲಾ ನೀವ ಹಾಕದ ಬಂದ್ರಿ, ಮಾಸ್ತರ್ರ," ಎಂದಳು ಮೈಲಾರವ್ವ. "ಇವರು ಮೂಲಿ ಕಟ್ರಿ ಅಂತ ಒದರಿದ್ರಲ್ಲ, ಹಂಗ ಬಿಟ್ಟು ಬಂದ್ರಿ. ದಡ್ಡಿ ಬಾಗಲಾ ಇವರು ಬಿಟ್ಟು ಹೋಗಿ ನಿಮ್ಮ ಮೂಲ್ಯಾಗ ಕುಂತ್ರು. ಸೈತಾನಗ ಅಪ್ಪಣಿ ಬೇಕಂತಲ್ಲ, ಟಗರಿಗೆ ಏನೂ ಬ್ಯಾಡ."

ಇದು ಎಷ್ಟು ಸ್ಪಷ್ಟವಾಗಿತ್ತೆಂದರೆ ಇಬ್ಬರು ಗಂಡಸರೂ ಅದನ್ನು ಕೂಡಲೇ ಬದಿಗಿಟ್ಟರು. ಅಮೋಘಸಿದ್ದಪ್ಪನ ಸಂಕಟ ಬೇರೆಯೇ ಇತ್ತು. ಟಗರು ಸಿಕ್ಕಿತು, ನಿಜ. ಆದರೆ ದಡ್ಡಿ ದಾಟಿತೋ ಇಲ್ಲವೋ? ಬಿರುದು ಉಳಿಯಿತೋ ಹೋಯಿತೋ? ದೇವರ ಮನೆಗೆ ಹೋದದ್ದು ಹೋದ ಹಾಗಲ್ಲ ಎಂದು ಮಾಸ್ತರರು ಉದಾರವಾಗಿ ತೀರ್ಪು ಕೊಟ್ಟರು. ಅದು ಬೀರಪ್ಪನ ಹರಕೆಯ ಟಗರು, ಮತ್ತೊಬ್ಬ ದೇವರ ಮನೆಯಲ್ಲಿ ಹೂವು ತಿಂದು ಬಂದಿದೆ, ಅದಕ್ಕೆ ಬೇರೆ ತಪ್ಪುಗಾಣಿಕೆ ಉಂಟೋ ಏನೋ ಎಂದು ಅಮೋಘಸಿದ್ದಪ್ಪ ಹೊಸ ಗಂಟು ಹಾಕಿದ. ಅದನ್ನು ಬಿಡಿಸಲು ಮಾಸ್ತರರಿಂದಲೂ ಆಗಲಿಲ್ಲ.

ಎರಡನೆಯ ಸಂಜೆ ಮಾಸ್ತರರು ಕರೆಯದೇ ಬಂದರು. ಕಂಕುಳಲ್ಲಿ ದಪ್ಪ ಪುಸ್ತಕ, ಮೂಗಿನ ತುದಿಯಲ್ಲಿ ಕನ್ನಡಕ.

"ಮಧ್ಯಾಹ್ನ ಎಲ್ಲಾ ಹುಡಿಕಿದೆ ಅಮೋಘಸಿದ್ದಪ್ಪಾ. ಮೊದಲಿಂದ ಕಡೀತನಕ. ಆ ಓಡಿ ಬಂದ ಕುರುಬನ ಹೆಸರು ಎಲ್ಲೂ ಇಲ್ಲ. ಆಮ್ಯಾಗ ಅಂವ ಏನಾದಾ, ಅದೂ ಇಲ್ಲ."

ಹೀಗೆ ಹುಡುಕುತ್ತಾರೆಂದು ಅಮೋಘಸಿದ್ದಪ್ಪ ಎಣಿಸಿರಲಿಲ್ಲ. ಗೂಟ ಬಡಿಯುವುದನ್ನು ನಿಲ್ಲಿಸಿದ. "ಇರ್ಲಿ ಬಿಡ್ರಿ. ನನ್ನ ಹೆಸರು ಯಾವ ಪುಸ್ತಕದಾಗ ಐತಿ?"

"ರೇಷನ್ ಕಾರ್ಡಿನ್ಯಾಗ ಐತಿ," ಎಂದಳು ಮೈಲಾರವ್ವ ಒಲೆಯ ಹತ್ತಿರದಿಂದ.

ಮಾಸ್ತರರು ನಾಲ್ಕನೆಯ ಮೂಲೆಗೆ ನಡೆದು ಕಣ್ಣು ಮುಚ್ಚಿದರು. ಕಾಯಿ ಎಂದರು, ದೂರವಿಡು ಎಂದರು. ಕೊನೆಗೆ "ಎಲ್ಲವೂ ನಿನ್ನ ಇಷ್ಟ..." ಎಂದು ನಿಲ್ಲಿಸಿ ಒಂದು ಕಣ್ಣು ತೆರೆದರು. ಅಮೋಘಸಿದ್ದಪ್ಪ ಗೂಟ ಹಿಡಿದು ಅವರ ಬಾಯನ್ನೇ ನೋಡುತ್ತಿದ್ದ. "...ದಂತೆಯೇ ಆಗಲಿ," ಎಂದು ಮುಗಿಸಿದರು, ಮುಗಿಸದೆ ಅವರಿಗೆ ಬಾರದು. ಆಮೇಲೆ ಪುಸ್ತಕದ ಭಾಷೆ ಬಿಟ್ಟು, ಸಣ್ಣ ದನಿಯಲ್ಲಿ, ಪಕ್ಕದ ಮನೆಯವರಿಗೆ ಹೇಳುವಂತೆ ಸೇರಿಸಿದರು: "ಆದ್ರ ತಂದೀ, ಬಾಗಲದಾಗ ಈ ಮನಷ್ಯಾ ಮಲಗಿರತಾನ. ನೀ ಏನರೆ ಮಾಡೂ ಮೊದಲ ಇವನ ಮಾರಿ ಒಮ್ಮೆ ನೋಡು."

ಅಮೋಘಸಿದ್ದಪ್ಪ ಇದನ್ನು ತೂಗಿ ನೋಡಿದ. ಪೂರ್ತಿ ಕಟ್ಟಿದಂತೆಯೂ ಅಲ್ಲ, ಪೂರ್ತಿ ಬಿಟ್ಟಂತೆಯೂ ಅಲ್ಲ. ಇಷ್ಟರಲ್ಲಿ ಒಂದು ರಾತ್ರಿ ಕಳೆಯಬಹುದೇನೋ. ಹೋಗಿ ಬಾಗಿಲಿಗೆ ಅಡ್ಡ ಮಲಗಿದ.

ಮೂರನೆಯ ದಿನ ಬಲೆ ಮಡಚಿ ಹೊರಡುವಾಗ ಅವನು ಹಿಂದೆ ಉಳಿದು ಆ ಮೂಲೆಗೆ ಒಂದು ಚಿಟಿಕೆ ಭಂಡಾರ ಹಾಕಿದ. ಕುರಿಗಳೆಲ್ಲ ಆಗಲೇ ರಸ್ತೆಯ ಮೇಲಿದ್ದವು. ಖಾಲಿ ಗದ್ದೆಗೆ ಯಾಕೆ ಎಂದು ಮೈಲಾರವ್ವ ಕೇಳಿದ್ದಕ್ಕೆ, "ಆ ಓಡಿ ಬಂದ ಕುರುಬನ ಹೆಸರಿಲೆ" ಎಂದ. "ಹೆಸರ ಇಲ್ಲಂತಲ್ಲ?" ಎಂದಳು. "ಅದಕ್ಕ," ಎಂದ. ಅವಳಿಗೆ ತಿಳಿಯಲಿಲ್ಲ, ಅವನಿಗೆ ತಿಳಿದಿತ್ತು ಎಂದು ಹೇಳಲೂ ಧೈರ್ಯವಿಲ್ಲ.

ಈಗ ಯರಗುಪ್ಪಿಯ ಕಟ್ಟೆಯ ಮೇಲೆ ಅವನು ಬಿರುದಿನ ಮಾತು ತೆಗೆಯುವ ರೀತಿ ಬದಲಾಗಿದೆ. "ಮೂವತ್ತೊಂದು ವರ್ಷದಾಗ ನಾ ಕಟ್ಟಿದ ದಡ್ಡಿಯಿಂದ ಒಂದು ಕುರಿನೂ ಹೋಗಿಲ್ರಿ," ಎನ್ನುತ್ತಾನೆ. ಒಳಗಿನಿಂದ ಮೈಲಾರವ್ವ ಕೆಮ್ಮುತ್ತಾಳೆ. "ಒಂದ ಮಾತ್ರ," ಎಂದು ಸೇರಿಸುತ್ತಾನೆ, "ಹೋಗಿ ಬಂತು."

"ಯಾರು ಒಯ್ದಿದ್ರು?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ.

ಅಮೋಘಸಿದ್ದಪ್ಪ ರುಮಾಲು ತೆಗೆದು ತಲೆ ಕೆರೆದುಕೊಳ್ಳುತ್ತಾನೆ. "ಅದ ನೋಡ್ರಿ ಇನ್ನೂ ಬಗೀಹರೀವಲ್ದು. ಗೊತ್ತಾದ್ರ ಫೋನ್ ಮಾಡತೇನಿ ಅಂದಾರ ಮಾಸ್ತರ್ರು."